ಫೀಲೆಫ್ಯೆಲ್ ರಾಜಮಾರ್ಗವೂ ನಾರ್ವೆಯ ಮರದ ಚರ್ಚುಗಳೂ

ಕಟ್ಟಡಗಳ ಇತಿಹಾಸವನ್ನು ಬರೆಯುವವರು ಅವುಗಳನ್ನು ಕಟ್ಟಿಸಿದವರ ವಿಷಯವನ್ನೂ ಕಟ್ಟಿದ ಕ್ರಮವನ್ನೂ ವಿಸ್ತಾರವಾಗಿ ನಿರೂಪಿಸುವುದುಂಟು. ಅವುಗಳನ್ನು ನೋಡಲು ಬಂದವರ ವಿಷಯವನ್ನು ಮಾತ್ರ ಅಡಿಟಿಪ್ಪಣಿಗೆ ಬಿಟ್ಟುಬಿಡುವುದು ವಾಡಿಕೆಯಾಗಿದೆ. ಕಲ್ಲಿನ ಕಟ್ಟಡಗಳ ಮಟ್ಟಿಗೆ ಈ ವಾಡಿಕೆಯಿಂದ ಹೆಚ್ಚಿನ ಹಾನಿಯಿಲ್ಲ. ನೋಡುವವರಿಲ್ಲದಿದ್ದರೂ ಕಲ್ಲು ತನ್ನ ಪಾಡಿಗೆ ತಾನು ಶತಮಾನಗಳ ಕಾಲ ನಿಂತಿರಬಲ್ಲದು. ಮರದ ಕಟ್ಟಡದ ಸ್ಥಿತಿ ಹಾಗಲ್ಲ. ಮಾಡಿನ ಒಂದು ಮೂಲೆ ಸೋರತೊಡಗಿ ಕೆಲವು ವರ್ಷಗಳು ಕಳೆದರೆ ತೊಲೆಯ ತುದಿ ಕೊಳೆಯುತ್ತದೆ. ತೊಲೆ ಕೊಳೆತ ಮೇಲೆ ಗೋಡೆ ವಾಲುತ್ತದೆ. ಆದಕಾರಣ ಮರದ ಕಟ್ಟಡವೊಂದು 800 ವರ್ಷ ಉಳಿದಿದೆಯೆಂದರೆ, ತಲೆಮಾರಿನಿಂದ ತಲೆಮಾರಿಗೆ ಯಾರೋ ಅದರತ್ತ ದೃಷ್ಟಿಯಿಟ್ಟಿದ್ದರೆಂದೇ ತಿಳಿಯಬೇಕು. ಆ ದೃಷ್ಟಿ ಯಾರದು, ಅದು ಕಟ್ಟಡಕ್ಕೆ ಏನು ಮಾಡಿತು ಎಂಬ ಪ್ರಶ್ನೆ ಮರದ ವಾಸ್ತುವಿನ ಇತಿಹಾಸದಲ್ಲಿ ಮುಖ್ಯವಾದ ಪ್ರಶ್ನೆಯೇ ಆಗುತ್ತದೆ.

ಇಂದು ಈ ಪ್ರಶ್ನೆಗೆ ಹೊಸದೊಂದು ಪ್ರಸಕ್ತಿ ಒದಗಿದೆ. ಯೂರೋಪಿನ ಕೆಲವು ದೇಶಗಳಲ್ಲಿ ಹಳೆಯ ಮರದ ಚರ್ಚುಗಳನ್ನು ಮೋಟಾರು ರಸ್ತೆಗಳ ಮೂಲಕ ಒಂದಕ್ಕೊಂದು ಹೆಣೆದು, ನಕ್ಷೆ, ಫಲಕ, ಕೈಪಿಡಿಗಳನ್ನು ಒದಗಿಸಿ, ಜನರು ಊರಿಂದೂರಿಗೆ ಸಾಗುತ್ತ ಅವನ್ನು ನೋಡುವಂತೆ ಪ್ರೋತ್ಸಾಹಿಸುವ ಪ್ರವಾಸಮಾರ್ಗಗಳು ಏರ್ಪಟ್ಟಿವೆ. ಇಂಥ ಮಾರ್ಗವನ್ನು ರೂಪಿಸುವವರು ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವ ಕ್ರಮದಲ್ಲಿ ಹೇಳಬೇಕು ಎಂಬುದನ್ನು ನಿರ್ಧರಿಸುತ್ತಾರೆ. ಅಂದರೆ ತಿಳಿದೋ ತಿಳಿಯದೆಯೋ ಅವರು ಇತಿಹಾಸವನ್ನೇ ಬರೆಯುತ್ತಾರೆ. ನಾರ್ವೆ ದೇಶದಲ್ಲಿ ಈ ಕೆಲಸ ಮೋಟಾರು ವಾಹನ ಹುಟ್ಟುವುದಕ್ಕೆ ಮೊದಲೇ ಆರಂಭವಾಗಿತ್ತು. ಅಲ್ಲಿನ ಒಂದೇ ಒಂದು ದಾರಿಯನ್ನು ತೆಗೆದುಕೊಂಡು, ಅದರ ಮೇಲಣ ಮರದ ಚರ್ಚುಗಳ ಗತಿಯೇನಾಯಿತೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ದಾರಿಹೋಕನ ದೃಷ್ಟಿಯೇ ಈ ಚರ್ಚುಗಳಲ್ಲಿ ಹಲವನ್ನು ಉಳಿಸಿತು; ಆದರೆ ಉಳಿಸುವಾಗ ಅವನ್ನು ತನಗೆ ರುಚಿಸಿದ ಒಂದು ಅಚ್ಚಿಗೆ ಒಗ್ಗಿಸಿತು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಟ್ಟಡದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ನಾರ್ವೆಯ ಮಧ್ಯಯುಗದ ಮರದ ಚರ್ಚುಗಳಿಗೆ ಸ್ತಾವ್ ಚರ್ಚುಗಳೆಂದು ಹೆಸರು. ಸ್ತಾವ್ ಎಂದರೆ ಆ ದೇಶದ ಭಾಷೆಯಲ್ಲಿ ನೆಟ್ಟಗೆ ನಿಂತ ಕಂಬ. 11ನೆಯ ಶತಮಾನದಲ್ಲಿ, ಕ್ರೈಸ್ತಮತ ಅಲ್ಲಿ ಹೊಸದಾಗಿದ್ದಾಗ, ಚರ್ಚುಗಳ ಕಂಬಗಳನ್ನು ನೆಲದಲ್ಲಿ ಗುಳಿ ತೋಡಿ ಹೂಳುತ್ತಿದ್ದರು. ಮಣ್ಣಿನ ತೇವಕ್ಕೆ ಕಂಬದ ಬುಡ ಬಹುಬೇಗ ಕೊಳೆಯುತ್ತಿತ್ತು. ಮುಂದಿನ ಶತಮಾನದ ಬಡಗಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಅತ್ಯಂತ ಸರಳವಾದದ್ದು. ನೆಲದ ಮೇಲೆ ಕಲ್ಲಿನ ಸಾಲನ್ನಿಟ್ಟು, ಕಲ್ಲಿನ ಮೇಲೆ ಅಡ್ಡತೊಲೆಗಳ ಚೌಕಟ್ಟನ್ನು ಕೂರಿಸಿ, ಆ ಚೌಕಟ್ಟಿನ ಮೇಲೆ ಕಂಬಗಳನ್ನು ನಿಲ್ಲಿಸಿದರು. ಗೋಡೆಯ ಹಲಗೆಗಳು ಅಡ್ಡಲಾಗಿರದೆ ಉದ್ದಕ್ಕೆ ನಿಲ್ಲುತ್ತವೆ. ಅವುಗಳ ಬುಡವೂ ತಲೆಯೂ ಕೆಳಗಿನ ಮತ್ತು ಮೇಲಿನ ತೊಲೆಗಳಲ್ಲಿ ಕೊರೆದ ಗಾಡಿಗಳಲ್ಲಿ ಸೇರಿಕೊಳ್ಳುತ್ತವೆ. ಪೈನ್ ಮರದ ಚೇಗನ್ನು ಆರಿಸಿ ಬಳಸುವುದು, ಹೊರಮೈಗೆ ಪೈನ್ ಮರದಿಂದಲೇ ಇಳಿಸಿದ ಡಾಮರನ್ನು ಮತ್ತೆ ಮತ್ತೆ ಬಳಿಯುವುದು ಇವು ಉಳಿದ ರಹಸ್ಯ. ಮರ ನೆಲವನ್ನು ಮುಟ್ಟಬಾರದು, ನೀರು ಮರದಲ್ಲಿ ನಿಲ್ಲಬಾರದು ಎಂಬ ಈ ಎರಡು ನಿಯಮಗಳಿಂದಲೇ ಇವುಗಳ ದೀರ್ಘಾಯುಷ್ಯ ಸಾಧ್ಯವಾಯಿತು. ಒಂದು ಕಾಲದಲ್ಲಿ ಇಂಥ ಚರ್ಚುಗಳು 1000ಕ್ಕೂ ಮೇಲ್ಪಟ್ಟು ಇದ್ದವೆಂದು ವಿದ್ವಾಂಸರ ಅಂದಾಜು. ಇಂದು ನಾರ್ವೆಯಲ್ಲಿ ಉಳಿದಿರುವುವು 28.

ಇನ್ನು ದಾರಿಯ ವಿಷಯ. ನಾರ್ವೆಯ ಪೂರ್ವ ಭಾಗವನ್ನೂ ಪಶ್ಚಿಮದ ಕಡಲತೀರವನ್ನೂ ಎತ್ತರವಾದ ಪರ್ವತಪ್ರದೇಶ ಬೇರ್ಪಡಿಸುತ್ತದೆ. ಅದನ್ನು ದಾಟುವ ಪುರಾತನ ದಾರಿಗಳಲ್ಲಿ ಫೀಲೆಫ್ಯೆಲ್ ಎಂಬ ಘಟ್ಟದ ದಾರಿ ಮುಖ್ಯವಾದುದು. ಪೂರ್ವದ ವಾಲ್ಡ್ರೆಸ್ ಕಣಿವೆಯಿಂದ ಏರುತ್ತ ಬಂದರೆ ಲೋಮೆನ್, ಹೋರೆ, ವಾಂಗ್, ಓಯೆ ಎಂಬ ಹಳ್ಳಿಗಳು ಕ್ರಮವಾಗಿ ಸಿಕ್ಕುತ್ತವೆ. ಘಟ್ಟವನ್ನು ದಾಟಿ ಇಳಿದರೆ ಬೋರ್ಗುಂಡ್. ಅಲ್ಲಿಂದ ಕೆಳಗೆ ಲೇರ್ಡಾಲ್ ಕಣಿವೆಯ ತುದಿಯಲ್ಲಿ ಸಮುದ್ರದ ಒಳಚಾಚು. 18ನೆಯ ಶತಮಾನದ ಕೊನೆಯ ದಶಕದಲ್ಲಿ ಈ ದಾರಿಯನ್ನು ಬಂಡಿ ಹೋಗಬಹುದಾದ ರಾಜಮಾರ್ಗವಾಗಿ ಕಟ್ಟಿದರು. ಮೇಲೆ ಹೇಳಿದ ಐದು ಹಳ್ಳಿಗಳಲ್ಲಿಯೂ ಮಧ್ಯಯುಗದಲ್ಲಿ ಸ್ತಾವ್ ಚರ್ಚುಗಳಿದ್ದವು. ಘಟ್ಟದ ಮೇಲೆ, ಜನವಸತಿಯಿಲ್ಲದ ಬಯಲಿನಲ್ಲಿಯೂ ಸಂತ ಥಾಮಸನ ಹೆಸರಿನ ಒಂದು ಚರ್ಚಿತ್ತು. ಅದು ಹಳ್ಳಿಗರಿಗಾಗಿ ಕಟ್ಟಿದ್ದಲ್ಲ, ದಾರಿಹೋಕರಿಗಾಗಿಯೇ ಕಟ್ಟಿದ್ದು.

ದಾರಿಹೋಕರು ಚರ್ಚಿಗೆ ಬರುತ್ತಿದ್ದುದಕ್ಕೆ ಊಹೆಯ ಆಧಾರ ಬೇಕಾಗಿಲ್ಲ. ಬೋರ್ಗುಂಡ್ ಚರ್ಚಿನ ಗೋಡೆಯಲ್ಲಿ ರೂನ್ ಲಿಪಿಯ ಗೀರುಬರಹಗಳಿವೆ. ಅವುಗಳಲ್ಲೊಂದರಲ್ಲಿ ತೋರಿರ್ ಎಂಬ ಒಬ್ಬಾತ, ಸಂತ ಓಲಾಫನ ಹಬ್ಬದ ಹಿಂದಿನ ಸಂಜೆ ತಾನು ಈ ಮಾರ್ಗವಾಗಿ ಹೋಗುವಾಗ ಇದನ್ನು ಕೊರೆದುದಾಗಿ ತಿಳಿಸಿದ್ದಾನೆ. ಓಲಾಫನ ಹಬ್ಬ ಜುಲೈ 29ರಂದು. ಹಾಗಾಗಿ ಆತ ಬಂದದ್ದು ಜುಲೈ 28ರ ಸಂಜೆ. ವರ್ಷ ಯಾವುದೆಂಬುದನ್ನು ಮಾತ್ರ ಆತ ಬರೆಯಲಿಲ್ಲ! ಆತ ರಾಜನಲ್ಲ, ದಾನಿಯಲ್ಲ, ಶಿಲ್ಪಿಯೂ ಅಲ್ಲ, ಬರಿಯ ಪಥಿಕ. ಆದರೂ ಆ ಕಟ್ಟಡದ ಇತಿಹಾಸಕ್ಕೆ ಆತನ ಗೀರು ಒಂದು ದಾಖಲೆಯಾಗಿದೆ. ಬೋರ್ಗುಂಡ್ ಚರ್ಚಿನ ಮರಗಳನ್ನು 1180-81ರ ಚಳಿಗಾಲದಲ್ಲಿ ಕಡಿದರೆಂಬುದನ್ನು ಮರದ ವಾರ್ಷಿಕ ಉಂಗುರಗಳ ಎಣಿಕೆಯಿಂದ ಇತ್ತೀಚಿನ ಶೋಧಕರು ನಿರ್ಣಯಿಸಿದ್ದಾರೆ. ಕಟ್ಟಡ ಹುಟ್ಟಿದ ಕಾಲವನ್ನು ಮರವೇ ಹೇಳಿದರೆ, ಅದನ್ನು ಬಳಸಿದವರ ಸುದ್ದಿಯನ್ನು ಅದರ ಮೇಲಿನ ಗೀರು ಹೇಳುತ್ತಿದೆ.

ಆದರೆ ದಾರಿ ಚರ್ಚಿಗೆ ಯಾವಾಗಲೂ ಒಳಿತನ್ನೇ ಮಾಡಿತೆಂದು ಭಾವಿಸಲಾಗದು. ಘಟ್ಟದ ಮೇಲಿನ ಸಂತ ಥಾಮಸನ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಜುಲೈ ಆರಂಭದಲ್ಲಿ ಪೂಜೆ ನಡೆಯುತ್ತಿತ್ತು. ಪೂರ್ವ ಪಶ್ಚಿಮಗಳೆರಡರಿಂದಲೂ ಜನ ಬಂದು ಸೇರುತ್ತಿದ್ದುದರಿಂದ ಅಲ್ಲಿ ಜಾತ್ರೆಯೇ ನೆರೆಯಿತು. ಕುದುರೆ ವ್ಯಾಪಾರ ಬೆಳೆಯಿತು. ಕುಡಿತ ಹೊಡೆದಾಟಗಳೂ ಬೆಳೆದವು. ಕೊನೆಗೆ 1808ರಲ್ಲಿ ಆ ಚರ್ಚನ್ನು ಕೆಡವಲಾಯಿತು. ಈಗ ಆ ಪ್ರದೇಶದಲ್ಲಿರುವ ಚರ್ಚು 1971ರಲ್ಲಿ ಹೊಸದಾಗಿ ಕಟ್ಟಿದ್ದು. ದಾರಿಯಿಂದಲೇ ಹುಟ್ಟಿದ ಚರ್ಚು ದಾರಿಯ ಜನಸಂದಣಿಯಿಂದಲೇ ಅಳಿಯಿತು.

ಉಳಿದ ಚರ್ಚುಗಳ ನಾಶಕ್ಕೆ ಬೇರೆ ಕಾರಣಗಳಿದ್ದವು. 1349ರ ಮಹಾಮಾರಿಯಿಂದ ಅನೇಕ ಹಳ್ಳಿಗಳು ಬರಿದಾಗಿ, ಹೊಸ ಚರ್ಚುಗಳ ನಿರ್ಮಾಣ ನಿಂತಿತು. 16ನೆಯ ಶತಮಾನದಲ್ಲಿ ಲೂಥರನ ಸುಧಾರಣೆ ಬಂದ ಮೇಲೆ ದೀರ್ಘವಾದ ಧರ್ಮಬೋಧನೆಯನ್ನು ಕುಳಿತು ಕೇಳುವುದು ಪೂಜೆಯ ಮುಖ್ಯ ಅಂಗವಾಯಿತು. ಕತ್ತಲೆಯ ಇಕ್ಕಟ್ಟಾದ ಹಳೆಯ ಕಟ್ಟಡಗಳು ಅದಕ್ಕೆ ಒಗ್ಗಲಿಲ್ಲ. ಯುದ್ಧದ ಸಾಲವನ್ನು ತೀರಿಸಲು ಡೆನ್ಮಾರ್ಕ್-ನಾರ್ವೆಯ ರಾಜನಾಗಿದ್ದ ನಾಲ್ಕನೆಯ ಫ್ರೆಡರಿಕ್ 1723ರಿಂದ ಚರ್ಚುಗಳನ್ನು ಖಾಸಗಿಯವರಿಗೆ ಮಾರಿದುದರಿಂದ ರಿಪೇರಿಯ ಹೊಣೆ ಹಣವಂತರ ಕೈಗೆ ಹೋಯಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದುದು 1851ರ ಕಾನೂನಿನಿಂದ. ಗ್ರಾಮದ ಜನಸಂಖ್ಯೆಯ ಹತ್ತರಲ್ಲಿ ಮೂರು ಪಾಲು ಜನರಿಗಾದರೂ ಚರ್ಚಿನಲ್ಲಿ ಸ್ಥಳವಿರಬೇಕೆಂದು ಅದು ವಿಧಿಸಿತು. ಇದನ್ನು ಬರೆದವರನ್ನಾಗಲಿ, ಇದರಂತೆ ಹಳೆಯ ಚರ್ಚನ್ನು ಕೆಡವಿದ ರೈತರನ್ನಾಗಲಿ ಕಲೆಯ ವೈರಿಗಳೆಂದು ದೂಷಿಸುವುದು ಸುಲಭ, ಆದರೆ ನ್ಯಾಯವಲ್ಲ. ಬೆಳೆಯುತ್ತಿದ್ದ ಜನರಿಗೆ ಕುಳಿತುಕೊಳ್ಳಲು ಸ್ಥಳ ಬೇಕಾಗಿತ್ತು. ಚಳಿಗಾಲದಲ್ಲಿ ಗಾಳಿ ನುಗ್ಗುವ ಕಟ್ಟಡದಲ್ಲಿ ನಿಂತು ಪ್ರಾರ್ಥಿಸಬೇಕಾದವರು ಅವರೇ ಹೊರತು ಕಲಾರಸಿಕರಲ್ಲ.

ಈ ನಾಶವನ್ನು ಮೊದಲು ನಷ್ಟವೆಂದು ಕಂಡವನು ಹಳ್ಳಿಯವನಲ್ಲ, ಹೊರದೇಶದಲ್ಲಿ ನೆಲಸಿದ್ದ ಒಬ್ಬ ಚಿತ್ರಕಾರ. ಯೋಹಾನ್ ಕ್ರಿಶ್ಚಿಯನ್ ಡಾಲ್ 1788ರಲ್ಲಿ ಬೆರ್ಗೆನ್ ನಗರದಲ್ಲಿ ಹುಟ್ಟಿ, ಜರ್ಮನಿಯ ಡ್ರೆಸ್ಡೆನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದನು. 1826ರಲ್ಲಿ ಮತ್ತು ಆಮೇಲೆ ಹಲವು ಬಾರಿ ಆತ ತಾಯ್ನಾಡಿನಲ್ಲಿ ಸಂಚರಿಸಿ ಪರ್ವತಗಳನ್ನೂ ಜಲಪಾತಗಳನ್ನೂ ಚಿತ್ರಿಸಿದನು. ಆ ಸಂಚಾರದಲ್ಲಿಯೇ ಈ ಚರ್ಚುಗಳು ಆತನ ಕಣ್ಣಿಗೆ ಬಿದ್ದವು. ಶೀರ್ಟ್ಸ್ ಎಂಬ ಕಲಾವಿದನಿಂದ ಅಳತೆಯ ನಕ್ಷೆಗಳನ್ನು ಬರೆಯಿಸಿ, ಬೋರ್ಗುಂಡ್, ಊರ್ನೆಸ್, ಹೆಡ್ಡಾಲ್ ಚರ್ಚುಗಳನ್ನು ಕುರಿತ ಗ್ರಂಥವನ್ನು ಡಾಲ್ 1837ರಲ್ಲಿ ಪ್ರಕಟಿಸಿದನು. ಗ್ರಂಥದ ಭಾಷೆ ಜರ್ಮನ್ ಎಂಬುದನ್ನು ಗಮನಿಸಬೇಕು. ನಾರ್ವೆಯ ರೈತರು ಓದಲೆಂದು ಬರೆದದ್ದಲ್ಲ ಅದು. ಯೂರೋಪಿನ ವಿದ್ಯಾವಂತರು ಓದಿ, ಬಂದು ನೋಡಲೆಂದು ಬರೆದದ್ದು. ಈ ಅರ್ಥದಲ್ಲಿ ಸ್ತಾವ್ ಚರ್ಚುಗಳ ಮೊದಲನೆಯ ಪ್ರವಾಸ ಕೈಪಿಡಿಯೆಂದು ಅದನ್ನು ಕರೆಯಬಹುದು.

ವಾಂಗ್ ಚರ್ಚಿನ ಕಥೆ ಇಲ್ಲಿಗೆ ಸೇರುತ್ತದೆ. ಆ ಊರಿನವರು 1839ರಲ್ಲಿ ಹೊಸ ಚರ್ಚನ್ನು ಕಟ್ಟಿಕೊಂಡು, ಹಳೆಯದನ್ನು ಹರಾಜಿಗಿಟ್ಟರು. 1841ರಲ್ಲಿ ಅದನ್ನು ಕೊಂಡವನು ಡಾಲ್. ನಾರ್ವೆಯಲ್ಲಿಯೇ ಎಲ್ಲಿಯಾದರೂ ಅದನ್ನು ನಿಲ್ಲಿಸಬೇಕೆಂಬ ಆತನ ಪ್ರಯತ್ನ ಕೈಗೂಡಲಿಲ್ಲ. ಕೊನೆಗೆ ಪ್ರಷ್ಯದ ರಾಜ ನಾಲ್ಕನೆಯ ಫ್ರೀಡ್ರಿಕ್ ವಿಲ್‌ಹೆಲ್ಮನ ಪರವಾಗಿ ಅದು ವಿಕ್ರಯವಾಯಿತು. ಶೀರ್ಟ್ಸನ ಮೇಲ್ವಿಚಾರಣೆಯಲ್ಲಿ ಕಟ್ಟಡವನ್ನು ಬಿಚ್ಚಿ, ಹಡಗಿನಲ್ಲಿ ಸ್ಟೆಟಿನ್ ಬಂದರಿಗೆ ಕಳುಹಿಸಿ, ಅಲ್ಲಿಂದ ಬರ್ಲಿನ್ನಿಗೆ ಸಾಗಿಸಲಾಯಿತು. ರಾಜನು ಅದನ್ನು ತನ್ನ ಉದ್ಯಾನದ್ವೀಪದಲ್ಲಿ ನಿಲ್ಲಿಸಬೇಕೆಂದಿದ್ದನು. ಫ್ರೀಡೆರಿಕೆ ಫಾನ್ ರೇಡೆನ್ ಎಂಬ ಶ್ರೀಮಂತ ಮಹಿಳೆ, ಸೈಲೀಸಿಯದ ಬೆಟ್ಟದೂರಿನ ಲೂಥರನ್ ಪಂಥದ ಬಡಜನರಿಗೆ ಚರ್ಚಿಲ್ಲವೆಂದು ಹೇಳಿ ರಾಜನ ಮನವೊಲಿಸಿದಳು. ಹೀಗೆ ವಾಂಗ್ ಚರ್ಚು ಬ್ರೂಕೆನ್‌ಬೆರ್ಗ್ ಎಂಬಲ್ಲಿ ಮತ್ತೆ ಎದ್ದು 1844ರ ಜುಲೈ 28ರಂದು ಪ್ರತಿಷ್ಠಿತವಾಯಿತು. ದಾರಿಯಲ್ಲಿ ಕಳೆದುಹೋದ ಮತ್ತು ಕೆಟ್ಟ ಭಾಗಗಳಿಗೆ ಬದಲಾಗಿ ಹೊಸ ಮರ ಸೇರಿತು. ಪಕ್ಕದಲ್ಲಿ ಕಲ್ಲಿನ ಗಂಟೆಗೋಪುರ ಏರಿತು. ಎರಡನೆಯ ಮಹಾಯುದ್ಧಾನಂತರ ಆ ಪ್ರದೇಶ ಪೋಲೆಂಡಿಗೆ ಸೇರಿ, ಊರು ಕಾರ್ಪಾಚ್ ಪಟ್ಟಣದ ಭಾಗವಾಗಿದೆ. ಚರ್ಚಿನಲ್ಲಿ ಇಂದಿಗೂ ಲೂಥರನ್ ಪೂಜೆ ನಡೆಯುತ್ತದೆ. ನೋಡಲು ಬರುವವರ ಸಾಲು ದೊಡ್ಡದು. ಚರ್ಚು ಉಳಿಯಿತೇ, ಹೋಯಿತೇ? ವಾಂಗ್ ಹಳ್ಳಿಯ ಪಾಲಿಗೆ ಹೋಯಿತೆಂದೇ ಹೇಳಬೇಕು. ಆ ಚರ್ಚಿನ ಬಳಿ ನಿಂತಿದ್ದ 11ನೆಯ ಶತಮಾನದ ರೂನ್ ಶಾಸನಶಿಲೆ ಮಾತ್ರ ಕಲ್ಲಾದ ಕಾರಣ ಊರಿನಲ್ಲಿಯೇ ಉಳಿದುಕೊಂಡಿತು.

ಈ ವಿಕ್ರಯದ ನಂತರ, 1844ರ ಕೊನೆಯಲ್ಲಿ, ಡಾಲ್ ಮತ್ತು ಆತನ ಸಮಾನಮನಸ್ಕರು ನಾರ್ವೆಯ ಪ್ರಾಚೀನ ಸ್ಮಾರಕಗಳ ಸಂರಕ್ಷಣ ಸಂಘವನ್ನು ಸ್ಥಾಪಿಸಿದರು. ಸಂಘದ ಉಪಾಯ ಸರಳ: ಕೆಡವಲಿರುವ ಚರ್ಚನ್ನು ತಾನೇ ಕೊಂಡುಕೊಳ್ಳುವುದು. ಬೋರ್ಗುಂಡಿನಲ್ಲಿ ಹಳೆಯದರ ಸಮೀಪದಲ್ಲಿಯೇ 1868ರಲ್ಲಿ ಹೊಸ ಚರ್ಚು ಎದ್ದಿತು. ಹಳೆಯದನ್ನು ಸಂಘ 1877ರಲ್ಲಿ ವಹಿಸಿಕೊಂಡಿತು. ಊರ್ನೆಸ್ ಚರ್ಚು 1881ರಲ್ಲಿ ಅದರ ಕೈಸೇರಿತು. ಇಂದು 28ರಲ್ಲಿ 8 ಚರ್ಚುಗಳು ಈ ಸಂಘದ ಒಡೆತನದಲ್ಲಿವೆ. ಹೀಗೆ ಒಂದೇ ರಾಜಮಾರ್ಗದ ಎರಡು ಚರ್ಚುಗಳಲ್ಲಿ ಒಂದು ದೇಶಾಂತರ ಹೋಯಿತು, ಇನ್ನೊಂದು ಸ್ವಸ್ಥಳದಲ್ಲಿ ನಿಂತಿತು. ಎರಡಕ್ಕೂ ನಡುವೆ ಇರುವುದು ಒಂದು ಘಟ್ಟ ಮತ್ತು 36 ವರ್ಷಗಳು.

ಬೋರ್ಗುಂಡ್ ಉಳಿದದ್ದು ರಸ್ತೆಯ ದೆಸೆಯಿಂದಲೂ ಹೌದು. 19ನೆಯ ಶತಮಾನದ ಮಧ್ಯದಿಂದ ಉಗಿಹಡಗುಗಳು ಸೋಗ್ನ್ ಒಳಚಾಚಿನಲ್ಲಿ ಓಡಾಡತೊಡಗಿದವು. ಹಡಗಿನಿಂದ ಲೇರ್ಡಾಲಿನಲ್ಲಿಳಿದ ಇಂಗ್ಲಿಷ್ ಮತ್ತು ಜರ್ಮನ್ ಪ್ರವಾಸಿಗಳು, ರೈತರು ಸರದಿಯಂತೆ ಒದಗಿಸುವ ಕುದುರೆಗಳನ್ನು ಕಟ್ಟೆಯಿಂದ ಕಟ್ಟೆಗೆ ಬದಲಿಸುತ್ತ, ಒಬ್ಬರೇ ಕೂರುವ ಹಗುರಾದ ಬಂಡಿಗಳಲ್ಲಿ ಘಟ್ಟವೇರುತ್ತಿದ್ದರು. ಬೋರ್ಗುಂಡ್ ಅವರ ದಾರಿಯ ಮಗ್ಗುಲಲ್ಲಿಯೇ ಇತ್ತು. ಮೆಟ್ಟಿಲುಮೆಟ್ಟಿಲಾಗಿ ಏರುವ ಮಾಡುಗಳು, ಅವುಗಳ ತುದಿಯ ಡ್ರ್ಯಾಗನ್ ತಲೆಗಳು, ಸುತ್ತಲಿನ ಮೊಗಸಾಲೆ, ಡಾಮರಿನ ಕಪ್ಪು ಬಣ್ಣ ಇವೆಲ್ಲ ಕೂಡಿ, ವೈಕಿಂಗರ ನಾಡಿನಲ್ಲಿ ಏನನ್ನು ಕಾಣಬೇಕೆಂದು ಪ್ರವಾಸಿ ಬಯಸಿದ್ದನೋ ಅದನ್ನೇ ಆತನಿಗೆ ತೋರಿಸಿದವು. ಸಂಘವು ಅದರೊಳಗಿನ ಆಸನಗಳನ್ನೂ ಆಮೇಲೆ ತೆರೆದಿದ್ದ ಕಿಟಕಿಗಳನ್ನೂ ತೆಗೆಯಿಸಿ ಮಧ್ಯಯುಗದ ಸ್ಥಿತಿಗೆ ತಂದಿತು. ಈಗ ಅಲ್ಲಿ ಕಾಣುವ ಗಂಭೀರವಾದ ಕತ್ತಲೆ ಒಂದು ಅಂಶದಲ್ಲಿ 12ನೆಯ ಶತಮಾನದ್ದು, ಇನ್ನೊಂದು ಅಂಶದಲ್ಲಿ 19ನೆಯ ಶತಮಾನದ್ದು.

ಇಲ್ಲಿಂದ ಮುಂದಿನದು ನಮ್ಮ ವಾದಕ್ಕೆ ಮುಖ್ಯವಾದ ಘಟ್ಟ. ಬೋರ್ಗುಂಡ್ ಪ್ರಸಿದ್ಧವಾದಂತೆ ಅದೇ ಸ್ತಾವ್ ಚರ್ಚಿನ ಮಾದರಿಯಾಯಿತು. ವಿಕ್ ಎಂಬ ಊರಿನ ಹಾಪರ್‌ಸ್ಟಾಡ್ ಚರ್ಚು ಶಿಥಿಲವಾಗಿದ್ದಾಗ, ವಾಸ್ತುಶಿಲ್ಪಿ ಪೀಟರ್ ಆಂಡ್ರಿಯಾಸ್ ಬ್ಲಿಕ್ಸ್ 1880ರ ದಶಕದಲ್ಲಿ ಅದರ ಜೀರ್ಣೋದ್ಧಾರವನ್ನು ಕೈಗೊಂಡು, ಹೊರರೂಪಕ್ಕೆ ಬೋರ್ಗುಂಡನ್ನೇ ಅನುಸರಿಸಿದನು. ಗೋಲ್ ಎಂಬ ಊರಿನ ಚರ್ಚನ್ನು 1884-85ರಲ್ಲಿ ರಾಜಧಾನಿಯ ಬಳಿಯ ಬಿಗ್ಡೋಯ್‌ನಲ್ಲಿ ರಾಜ ಎರಡನೆಯ ಆಸ್ಕರನ ಸಂಗ್ರಹಕ್ಕೆ ಸೇರಿಸಿದಾಗಲೂ ಮಾದರಿ ಅದೇ. ಫೋರ್ಟುನ್ ಎಂಬ ಹಳ್ಳಿಯಿಂದ 1883ರಲ್ಲಿ ಬೆರ್ಗೆನ್ ಸಮೀಪದ ಫಾಂಟಾಫ್ಟ್‌ಗೆ ಸ್ಥಳಾಂತರಿಸಿದ ಚರ್ಚಿಗೂ ಅದೇ ರೂಪ ಬಂದಿತು. ದೇಶದ ಹೊರಗೆ, ಜರ್ಮನಿಯ ಹಾನೆನ್‌ಕ್ಲೇಯಲ್ಲಿ 1908ರಲ್ಲಿ, ಅಮೆರಿಕದ ರ್‍ಯಾಪಿಡ್ ಸಿಟಿಯಲ್ಲಿ 1969ರಲ್ಲಿ ಇದೇ ಮಾದರಿಯ ಚರ್ಚುಗಳು ನಿರ್ಮಿತವಾದವು. ಪರಿಣಾಮವೇನೆಂದರೆ, ಇಂದಿನ ಪ್ರವಾಸಿ ಬೋರ್ಗುಂಡ್, ಹಾಪರ್‌ಸ್ಟಾಡ್, ಗೋಲ್ ಮೂರನ್ನೂ ನೋಡಿ, ಮಧ್ಯಯುಗದ ಚರ್ಚುಗಳೆಲ್ಲ ಹೀಗೆಯೇ ಇದ್ದವೆಂಬ ನಿರ್ಣಯಕ್ಕೆ ಬರುತ್ತಾನೆ. ಆತ ಮೂರು ಸಾಕ್ಷಿಗಳನ್ನು ಕೇಳಿದೆನೆಂದು ತಿಳಿಯುತ್ತಾನೆ. ವಾಸ್ತವವಾಗಿ, ಹೊರರೂಪದ ಮಟ್ಟಿಗೆ, ಒಬ್ಬನೇ ಸಾಕ್ಷಿಯ ಮಾತನ್ನು ಮೂರು ಸಲ ಕೇಳಿರುತ್ತಾನೆ. ಐತಿಹಾಸಿಕ ವಿಮರ್ಶೆಯನ್ನು ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಈ ಅಚ್ಚಿಗೆ ಒಗ್ಗದ ಚರ್ಚುಗಳೂ ಇವೆ. ಅವುಗಳ ಸಾಕ್ಷ್ಯ ಇದಕ್ಕೆ ವಿರುದ್ಧವಾದದ್ದು. ಲೋಮ್ ಮತ್ತು ರಿಂಗೆಬು ಚರ್ಚುಗಳನ್ನು 17ನೆಯ ಶತಮಾನದಲ್ಲಿ ಪಕ್ಕಗಳಿಗೆ ವಿಸ್ತರಿಸಿ ಶಿಲುಬೆಯಾಕಾರಕ್ಕೆ ತಂದರು. ಕಿಟಕಿ, ಆಸನ, ಗೋಪುರಗಳು ಸೇರಿದವು. ರಿಂಗೆಬುವಿನ ಕೆಂಪು ಗೋಪುರ ದೂರದಿಂದಲೇ ಕಾಣುತ್ತದೆ. ಶುದ್ಧರೂಪವನ್ನು ಬಯಸುವವರ ಕಣ್ಣಿಗೆ ಇವು ಕೆಟ್ಟ ಕಟ್ಟಡಗಳು. ಆದರೆ ಸ್ಥಳ ಹೆಚ್ಚಿದ್ದರಿಂದಲೇ ಇವುಗಳ ಬಳಕೆ ತಪ್ಪಲಿಲ್ಲ. ಬಳಕೆ ತಪ್ಪದ್ದರಿಂದಲೇ ಇವು ಉಳಿದವು. ಇಂದಿಗೂ ಇವು ಊರಿನ ಚರ್ಚುಗಳೇ. ಬೋರ್ಗುಂಡನ್ನು ಹೊರಗಿನವನ ಕಣ್ಣು ಉಳಿಸಿತು; ಲೋಮನ್ನು ಊರಿನವನ ಅಗತ್ಯ ಉಳಿಸಿತು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಪುರಾತನವೂ ಹೆಚ್ಚು ಬಲವತ್ತರವೂ ಆದ ರಕ್ಷಣೆಯೆಂದು ನಮಗೆ ತೋರುತ್ತದೆ.

ನಮ್ಮ ರಾಜಮಾರ್ಗದ ಮೇಲೆಯೇ ಇರುವ ಓಯೆ ಚರ್ಚಿನ ವೃತ್ತಾಂತ ಇನ್ನೂ ವಿಚಿತ್ರವಾದದ್ದು. ಅದನ್ನು 1747ರಲ್ಲಿ ಕೆಡವಿ ಹೊಸದನ್ನು ಕಟ್ಟಿದರು. 1935ರಲ್ಲಿ ಆ ಹೊಸ ಚರ್ಚಿನ ನೆಲದಡಿಯಲ್ಲಿ ಕೆಲಸ ನಡೆದಾಗ ಹಳೆಯ ಚರ್ಚಿನ ಮರದ ಭಾಗಗಳು ರಾಶಿಯಾಗಿ ದೊರೆತವು. ಅವನ್ನು ಜೋಡಿಸಿ ಕಟ್ಟಿದ ಪುಟ್ಟ ಚರ್ಚು 1965ರಲ್ಲಿ ಪ್ರತಿಷ್ಠಿತವಾಯಿತು. ಮೊಗಸಾಲೆಯಿಂದ ಸುತ್ತುವರಿದ ಈ ಸಣ್ಣ ಕಟ್ಟಡ ಬೋರ್ಗುಂಡಿನಂತೆ ಎತ್ತರವಾಗಿ ಏರುವುದಿಲ್ಲ. ನೋಡಿದವರು ಬೆರಗಾಗದೆಯೂ ಮುಂದೆ ಸಾಗಬಹುದು. ಆದರೆ ಬೋರ್ಗುಂಡಿನ ವೈಭವವೊಂದೇ ಮಧ್ಯಯುಗದ ಕ್ರಮವಲ್ಲವೆಂದು ತಿಳಿಯಲು ಇಂಥದೊಂದು ನಿಲುಗಡೆ ಅವಶ್ಯಕ.

ಪ್ರಸಿದ್ಧಿ ತರುವ ಅಪಾಯದ ಬಗೆಗೂ ಒಂದು ಮಾತು. 1992ರ ಜೂನ್ 6ರಂದು ಫಾಂಟಾಫ್ಟ್ ಚರ್ಚಿಗೆ ಬೆಂಕಿಯಿಟ್ಟು ಸುಟ್ಟರು. 1997ರ ವೇಳೆಗೆ ಅದನ್ನು ಪುನಃ ಕಟ್ಟಲಾಯಿತು. ದಕ್ಷಿಣ ಪೋಲೆಂಡಿನ ಸೆಂಕೋವ ಎಂಬ ಹಳ್ಳಿಯ ಮರದ ಚರ್ಚಿನಿಂದ ಮೊದಲನೆಯ ಮಹಾಯುದ್ಧ ಕಾಲದಲ್ಲಿ ಸೈನಿಕರು ಕಂದಕಗಳಿಗೂ ಸೌದೆಗೂ ಮರ ಕಿತ್ತೊಯ್ದಿದ್ದರು. ಅದೇ ದೇಶದ ಕೊಮಾನ್ಚದ ಚರ್ಚು 2006ರಲ್ಲಿ ಸುಟ್ಟು, ಮತ್ತೆ ನಿರ್ಮಿತವಾಯಿತು. ನಾರ್ವೆಯ ಸರ್ಕಾರ 2001ರಿಂದ 2015ರವರೆಗೆ ವಿಶೇಷ ಕಾರ್ಯಕ್ರಮವೊಂದನ್ನು ನಡೆಸಿ ತನ್ನ ಸ್ತಾವ್ ಚರ್ಚುಗಳ ಅಡಿಪಾಯ, ತೊಲೆ, ಮಾಡುಗಳನ್ನು ಸರಿಪಡಿಸಿ ಡಾಮರು ಬಳಿಸಿತು. ಯಾವ ಪ್ರವಾಸಮಾರ್ಗವೂ ಈ ಕೆಲಸಕ್ಕೆ ಬದಲಾಗಲಾರದು.

ಪೋಲೆಂಡಿನ ಹೆಸರು ಬಂದುದರಿಂದ ಅಲ್ಲಿನ ಏರ್ಪಾಡನ್ನು ಇಲ್ಲಿಯೇ ಹೇಳಬಹುದು. ಕ್ರಾಕೋವ್ ನಗರದ ಸುತ್ತಲಿನ ಮಾವೊಪೋಲ್‌ಸ್ಕಾ ಪ್ರಾಂತದಲ್ಲಿ 21ನೆಯ ಶತಮಾನದ ಆರಂಭದಲ್ಲಿ ಏರ್ಪಟ್ಟ ಮರದ ವಾಸ್ತುಮಾರ್ಗ ಸುಮಾರು 1500 ಕಿಲೋಮೀಟರು ಉದ್ದವಾಗಿದ್ದು 250ಕ್ಕೂ ಹೆಚ್ಚು ಕಟ್ಟಡಗಳನ್ನು ಸೇರಿಸಿಕೊಂಡಿದೆ. ಅದರ ಒಂದು ಗುಣ ನಮಗೆ ಅನುಕರಣೀಯವಾಗಿ ಕಂಡಿದೆ. ಹಳ್ಳಿಯ ಚರ್ಚು ಪೂಜೆಯ ಹೊತ್ತಿನ ಹೊರತು ಬೀಗ ಹಾಕಿರುತ್ತದೆ. ದೂರದಿಂದ ಬಂದವನು ಬಾಗಿಲನ್ನು ನೋಡಿ ಹಿಂದಿರುಗುತ್ತಾನೆ. ಬೇಸಿಗೆಯ ತಿಂಗಳುಗಳಲ್ಲಿ ಗೊತ್ತಾದ ವೇಳೆಗಳಲ್ಲಿ ಬಾಗಿಲು ತೆರೆದು, ವಿವರಿಸಿ ಹೇಳಬಲ್ಲ ಒಬ್ಬರನ್ನು ಅಲ್ಲಿ ಇರಿಸುವ ವ್ಯವಸ್ಥೆ ಅಲ್ಲಿದೆ. ಕೆಲವು ಚರ್ಚುಗಳಲ್ಲಿ ಸಂಗೀತ ಗೋಷ್ಠಿಗಳೂ ನಡೆಯುತ್ತವೆ. ಫಲಕಕ್ಕಿಂತ ಬೀಗದ ಕೈ ಮುಖ್ಯವೆಂಬುದನ್ನು ಅದನ್ನು ಏರ್ಪಡಿಸಿದವರು ಬಲ್ಲರು.

ಫೀಲೆಫ್ಯೆಲ್ ದಾರಿಯ ಮೇಲೂ ಈಚೆಗೆ ಗಮನ ಹರಿದಿದೆ. 2000ದಲ್ಲಿ 24.5 ಕಿಲೋಮೀಟರು ಉದ್ದದ ಲೇರ್ಡಾಲ್ ಸುರಂಗ ತೆರೆದು, ಓಸ್ಲೋ ಬೆರ್ಗೆನ್ ನಡುವಣ ವಾಹನಗಳು ಬೆಟ್ಟದ ಹೊಟ್ಟೆಯಲ್ಲಿ ಸಾಗುವಂತಾಯಿತು. ಹಳೆಯ ರಾಜಮಾರ್ಗದ ಸುಮಾರು 100 ಕಿಲೋಮೀಟರನ್ನು ನಡೆದುಹೋಗುವ ದಾರಿಯಾಗಿ ಮತ್ತೆ ಸರಿಪಡಿಸಿದ್ದಾರೆ. ಈ ಕೆಲಸಕ್ಕೆ 2017ರಲ್ಲಿ ಯೂರೋಪಿನ ಪರಂಪರಾ ಪ್ರಶಸ್ತಿಯೂ ಸಂದಿದೆ. ವಾಹನದಲ್ಲಿ ಬಂದವನು ಒಂದೆಡೆ ಇಳಿದು ಮುಂದಿನ ಚರ್ಚಿಗೆ ಹಳೆಯ ದಾರಿಯಲ್ಲಿಯೇ ಸ್ವಲ್ಪ ದೂರ ನಡೆದು ಹೋಗಬಹುದಾದ ಈ ಅನುಕೂಲ ಬೇರೆಡೆ ಸುಲಭವಾಗಿ ದೊರೆಯದು.

ಈ ದಾರಿಗೆ ಕೈಪಿಡಿಯನ್ನು ರಚಿಸುವವರು ಬೋರ್ಗುಂಡಿನಿಂದ ಆರಂಭಿಸದಿರುವುದು ಲೇಸೆಂದು ನಮ್ಮ ಸೂಚನೆ. ಬೋರ್ಗುಂಡನ್ನು ಮೊದಲು ಕಂಡವನಿಗೆ ಉಳಿದವೆಲ್ಲ ಸಪ್ಪೆಯಾಗಿ ಕಾಣುತ್ತವೆ. ವಾಲ್ಡ್ರೆಸ್ ಕಡೆಯಿಂದ ಹೊರಟು, ಇಂದಿಗೂ ನಿಂತಿರುವ ಲೋಮೆನ್, ಹೋರೆಗಳನ್ನು ನೋಡಿ, ಓಯೆಯಲ್ಲಿ ಮರದ ರಾಶಿಯಿಂದ ಮೇಲೆದ್ದ ಚರ್ಚನ್ನು ಕಂಡು, ಘಟ್ಟದ ಮೇಲೆ ಜಾತ್ರೆಯಿಂದಾಗಿ ಅಳಿದ ಚರ್ಚಿನ ಬಯಲನ್ನು ದಾಟಿ, ಕೊನೆಗೆ ಬೋರ್ಗುಂಡಿಗೆ ಇಳಿಯುವುದು ಉಚಿತ. ಅಲ್ಲಿ ತೋರಿರನ ಗೀರನ್ನೂ, ಕಿಟಕಿಗಳನ್ನು ಮುಚ್ಚಿಸಿದ ಸಂಘದ ಕೆಲಸವನ್ನೂ ಒಟ್ಟಿಗೆ ವಿವರಿಸಬೇಕು. 1868ರ ಹೊಸ ಚರ್ಚಿನ ಮುಂದೆಯೂ ಪ್ರವಾಸಿಯನ್ನು ಒಂದು ಕ್ಷಣ ನಿಲ್ಲಿಸಬೇಕು. ಅದು ಕಟ್ಟಲ್ಪಡದಿದ್ದರೆ ಹಳೆಯದನ್ನು ವಿಸ್ತರಿಸಬೇಕಾಗುತ್ತಿತ್ತು, ಇಲ್ಲವೆ ಕೆಡವಬೇಕಾಗುತ್ತಿತ್ತು.

ದಾರಿಯ ನಡುವೆ ವಾಂಗ್ ಎಂಬಲ್ಲಿಯೂ ಒಂದು ನಿಲುಗಡೆಯಿರಬೇಕು. ಅಲ್ಲಿ ನೋಡುವುದಕ್ಕೆ 1839ರ ಚರ್ಚೂ, ಅದರ ಬಳಿ ನಿಂತ ರೂನ್ ಶಾಸನದ ಕಲ್ಲೂ ಇವೆ. ಈ ಕಲ್ಲಿನ ನೆರೆಯಲ್ಲಿದ್ದ ಮರದ ಚರ್ಚು ಈಗ ಪೋಲೆಂಡಿನ ಕಾರ್ಪಾಚ್‌ನಲ್ಲಿದೆ ಎಂದು ಫಲಕದಲ್ಲಿ ಬರೆದರೆ ಸಾಕು.